ಎಂಜಿನ್ನಿಗೆ ಹೇಳಿದ ಸುಳ್ಳು

"ನಿಮಗ್ಯಾಕ್ರೀ ಗಾಡಿ ಎಂಜಿನ್ನಿನ ಉಸಾಬರಿ?" ಎಂದು, ನಾನು ಬರೆಯಹೊರಟ ವಿಷಯ ಕೇಳಿದ ಸಹೋದ್ಯೋಗಿಯೊಬ್ಬರು ನಕ್ಕರು. ಅವರು ನಕ್ಕಿದ್ದರಲ್ಲಿ ತಪ್ಪೇನೂ ಇಲ್ಲ. ಬಿ.ಎ., ಬಿ.ಎಡ್. ಮಾಡಿ ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಂಡು ಬಂದವಳು ನಾನು. ಸ್ಕೂಟರ್ ಕಲಿಯಲು ಹೋಗಿ ಎರಡನೆಯ ದಿನವೇ ಮೊಣಕಾಲು ತರಚಿಕೊಂಡು ಬಿಟ್ಟವಳು. ಪಿಸ್ಟನ್ ಎಂದರೇನು, ಟರ್ಬೊ ಎಂದರೇನು ಎಂಬುದು ಐವತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾಗಿ ಬಂದದ್ದು ನನ್ನ ತಪ್ಪಿನಿಂದಲೇ. ಡೀಸೆಲ್ ಗಾಡಿಗಳಿಗೆ ಹುಡುಗರು ಹಾಕಿಸಿಕೊಳ್ಳುವ 'ಚಿಪ್' ಎಂಬ ಆ ಪುಟ್ಟ ಡಬ್ಬಿಗೆ ಹನ್ನೆರಡು ಸಾವಿರ ರೂಪಾಯಿ ಎಣಿಸಿ ಕೊಟ್ಟ ಕೈ ನನ್ನದು. ಆದ್ದರಿಂದ ಅದರ ಬಗ್ಗೆ ಜಗಳವಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನನ್ನ ತಂಗಿಯ ಮಗ ಐ.ಟಿ.ಐ. ಮುಗಿಸಿ ಮೂರು ವರ್ಷ ಬೆಂಗಳೂರಿನಲ್ಲಿ ಬೇರೆಯವರ ಗಾಡಿ ಓಡಿಸಿ, 2018ರಲ್ಲಿ ಊರಿಗೆ ಬಂದು ಸ್ವಂತ ಕಾರು ತೆಗೆದ. ಹೊಸ ಡೀಸೆಲ್ ಕಾರು, ಹಳದಿ ಬೋರ್ಡು. ಸಹಕಾರ ಸಂಘದಲ್ಲಿ ಸಾಲ. ಸಾಲಕ್ಕೆ ಜಾಮೀನು ನಾನು. ಸಕಲೇಶಪುರದಿಂದ ಮಂಗಳೂರಿನ ಆಸ್ಪತ್ರೆಗಳಿಗೆ, ವಿಮಾನ ನಿಲ್ದಾಣಕ್ಕೆ, ಧರ್ಮಸ್ಥಳ ಸುಬ್ರಹ್ಮಣ್ಯಕ್ಕೆ ಬಾಡಿಗೆ ಹೊಡೆಯುತ್ತಿದ್ದ. ಹುಡುಗ ಒಳ್ಳೆಯವನು. ಕುಡಿತವಿಲ್ಲ, ಇಸ್ಪೀಟಿಲ್ಲ. ತಿಂಗಳ ಐದನೆಯ ತಾರೀಕಿಗೆ ಕಂತು ಕಟ್ಟಿ ರಸೀದಿಯನ್ನು ನನಗೆ ತೋರಿಸಿಯೇ ಮುಂದಿನ ಕೆಲಸ.

2019ರ ಶುರುವಿನಲ್ಲಿ ಒಂದು ದಿನ ಸಂಜೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ದೊಡ್ಡಮ್ಮ, ಒಂದು ಹನ್ನೆರಡು ಸಾವಿರ ಬೇಕಿತ್ತು" ಅಂದ.

"ಯಾಕೋ?"

"ಗಾಡಿಗೆ ಒಂದು ಚಿಪ್ ಹಾಕಿಸ್ತೀನಿ. ಪಿಕಪ್ಪೂ ಜಾಸ್ತಿಯಾಗುತ್ತೆ, ಮೈಲೇಜೂ ಜಾಸ್ತಿ ಬರುತ್ತೆ. ಲೀಟರಿಗೆ ಎರಡು ಮೂರು ಕಿಲೋಮೀಟರ್ ಉಳಿದರೆ ಆರು ತಿಂಗಳಲ್ಲಿ ನಿನ್ನ ದುಡ್ಡು ವಾಪಸ್ಸು."

ಇಲ್ಲಿಯೇ ನಾನು ಎಚ್ಚರಾಗಬೇಕಿತ್ತು. ಶಕ್ತಿಯೂ ಹೆಚ್ಚು, ಖರ್ಚೂ ಕಡಿಮೆ ಎಂದು ಯಾರಾದರೂ ಹೇಳಿದರೆ ಮೊದಲು ಅವರ ಕಡೆಗೆ ಅನುಮಾನದಿಂದ ನೋಡಬೇಕು. ಕಡಿಮೆ ತಿಂದು ಹೆಚ್ಚು ಹೊರುವ ಎತ್ತನ್ನು ನಮ್ಮ ಕಡೆಯ ಯಾವ ರೈತನೂ ಕಂಡಿಲ್ಲ. ಆದರೆ ಹುಡುಗನ ಕಣ್ಣಿನ ಆಸೆ ನೋಡಿದೆ, ಬೀರುವಿನ ಬಾಗಿಲು ತೆಗೆದೆ.

ಇನ್ನೂ ಒಂದು ತಪ್ಪೊಪ್ಪಿಗೆ. ಡಬ್ಬಿ ಹಾಕಿಸಿದ ಮೇಲೆ ಒಂದು ಭಾನುವಾರ ನಮ್ಮನ್ನೆಲ್ಲ ಕೂರಿಸಿಕೊಂಡು ಸುಬ್ರಹ್ಮಣ್ಯಕ್ಕೆ ಹೋಗಿ ಬಂದ. ವಾಪಸ್ಸು ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಟ್ಯಾಂಕರುಗಳ ಸಾಲು. ಮೊದಲಾದರೆ ಗೇರು ಇಳಿಸಿ ಎಂಜಿನ್ನು ಅರಚಿಸಿಕೊಂಡು ಹೋಗುತ್ತಿದ್ದ ಕಾರು, ಅವನು ಕಾಲಿನಿಂದ ಸ್ವಲ್ಪ ಒತ್ತಿದ್ದೇ ತಡ, ಸೀಟಿಗೆ ನಮ್ಮ ಬೆನ್ನು ಅಂಟುವಂತೆ ಚಿಮ್ಮಿತು. ಮೂರು ಟ್ಯಾಂಕರು ಹಿಂದಾದವು. "ಹೆಂಗೆ ದೊಡ್ಡಮ್ಮ?" ಎಂದು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ನಕ್ಕೆ. ನನಗೂ ಖುಷಿಯಾಗಿತ್ತು. ನಮ್ಮ ಹಿಂದೆ ಕಾರು ಉಗುಳಿದ ಹೊಗೆ ಯಾರ ಮುಖಕ್ಕೆ ಬಡಿಯಿತು ಎಂದು ತಿರುಗಿ ನೋಡಲಿಲ್ಲ.

ಮೈಲೇಜಿನ ಸಮಾಚಾರವನ್ನು ನಾನೇ ಪರೀಕ್ಷಿಸಿದೆ. ಅದಕ್ಕೆ ಎಂಜಿನಿಯರಿಂಗ್ ಬೇಕಾಗಿಲ್ಲ, ಭಾಗಾಕಾರ ಬಂದರೆ ಸಾಕು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮೊದಲು ಹದಿನೆಂಟು ಚಿಲ್ಲರೆ ತೋರಿಸುತ್ತಿದ್ದ ಅಂಕಿ ಈಗ ಇಪ್ಪತ್ತು ತೋರಿಸುತ್ತಿತ್ತು. ಹುಡುಗ ಫೋನಿನಲ್ಲಿ ಅದರ ಫೋಟೋ ಹಿಡಿದುಕೊಂಡು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದ. ನಾನು ಹೇಳಿದೆ: "ಆ ಅಂಕಿ ಇರಲಿ. ಟ್ಯಾಂಕು ತುಂಬಿಸು, ಕಿಲೋಮೀಟರ್ ಬರೆದಿಡು, ಮತ್ತೆ ಅದೇ ಬಂಕಿನಲ್ಲಿ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತು ಅಂತ ಬಿಲ್ಲು ತಂದುಕೊಡು." ತಂದುಕೊಟ್ಟ. 612 ಕಿಲೋಮೀಟರ್, 36 ಲೀಟರ್. ಭಾಗಿಸಿದರೆ ಹದಿನೇಳು. ಡ್ಯಾಶ್‌ಬೋರ್ಡಿನ ಇಪ್ಪತ್ತು ನಿಜವಾಗಿದ್ದರೆ 30.6 ಲೀಟರ್ ಸಾಕಾಗಬೇಕಿತ್ತು. ಉಳಿದ ಐದು ಲೀಟರ್ ಚಿಲ್ಲರೆ ಎಲ್ಲಿ ಹೋಯಿತು?

"ಬಂಕಿನವರು ಮೋಸ ಮಾಡಿರಬೇಕು" ಅಂದ. ನಾವು ಹೀಗೆಯೇ. ಕಣ್ಣೆದುರಿನ ಸುಳ್ಳುಗಾರನನ್ನು ಬಿಟ್ಟು ಬೇರೆ ಎಲ್ಲರನ್ನೂ ಅನುಮಾನಿಸುತ್ತೇವೆ. ಸುಳ್ಳು ಹೇಳುತ್ತಿದ್ದದ್ದು ಡ್ಯಾಶ್‌ಬೋರ್ಡು ಎಂದೂ, ಆ ಪಾಪದ ಡ್ಯಾಶ್‌ಬೋರ್ಡಿಗೆ ಸುಳ್ಳು ಹೇಳಿಕೊಟ್ಟದ್ದು ನಾವು ದುಡ್ಡು ಕೊಟ್ಟು ತಂದ ಡಬ್ಬಿ ಎಂದೂ ತಿಳಿದದ್ದು ಆಮೇಲೆ.

ಆ ವರ್ಷದ ನವೆಂಬರಿನಲ್ಲಿ ಕಾರು ನಿಂತಿತು. ನಿಂತದ್ದು ಎಲ್ಲಿ? ಅದೇ ಘಾಟಿಯಲ್ಲಿ, ರಾತ್ರಿ ಒಂಬತ್ತೂವರೆಗೆ. ಕಾರಿನಲ್ಲಿದ್ದವರು ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಬರುತ್ತಿದ್ದ ಮುದುಕರು, ಅವರ ಹೆಂಡತಿ ಮತ್ತು ಮಗಳು. ಮೊದಲು ಟಕಟಕ ಸದ್ದು, ಆಮೇಲೆ ಹಿಂದೆ ಬಿಳಿ-ನೀಲಿ ಹೊಗೆ, ಆಮೇಲೆ ಎಷ್ಟು ಒತ್ತಿದರೂ ಎಳೆತವಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಕಾಡಾನೆ ಓಡಾಡುವ ಜಾಗ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಆ ಹಿರಿಯರು ಒಂದೂವರೆ ಗಂಟೆ ಕತ್ತಲಿನಲ್ಲಿ ರಸ್ತೆಯ ತಿರುವಿನಲ್ಲಿ ಕೂತಿದ್ದರು. ತಿರುವಿನಲ್ಲಿ ಇಳಿದು ಬರುವ ಯಾವ ಲಾರಿಯಾದರೂ ಕೊಂಚ ಅಳತೆ ತಪ್ಪಿದ್ದರೆ ಈ ಪ್ರಬಂಧವನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ಕೊನೆಗೆ ಹಾಸನದ ಕಡೆಗೆ ಹೋಗುತ್ತಿದ್ದ ಒಬ್ಬ ಲಾರಿಯವನು ಮೂವರನ್ನೂ ಹತ್ತಿಸಿಕೊಂಡು ಊರು ಮುಟ್ಟಿಸಿದ. ಅವರಲ್ಲಿ ಯಾರೂ ಚಿಪ್ ಬೇಕೆಂದು ಕೇಳಿರಲಿಲ್ಲ. ಅದು ಆ ಕಾರಿನಲ್ಲಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಕಾರನ್ನು ಎಳೆಸಿಕೊಂಡು ಹೋಗಿ ಸರ್ವಿಸ್ ಸ್ಟೇಷನ್ನಿಗೆ ಬಿಟ್ಟರು. ವಾರಂಟಿ ಮುಗಿದಿರಲಿಲ್ಲ. ನಾಲ್ಕನೆಯ ದಿನ ಹುಡುಗ ನನ್ನನ್ನೂ ಕರೆದುಕೊಂಡು ಹೋದ. ದಾರಿಯಲ್ಲಿ ಹೇಳಿದ: "ದೊಡ್ಡಮ್ಮ, ಡಬ್ಬಿ ಬಿಚ್ಚಿ ಇಟ್ಟಿದ್ದೀನಿ. ಹಾಕಿಕೊಟ್ಟವರೇ ಹೇಳಿದ್ದರು, ಸರ್ವಿಸಿಗೆ ಬಿಡುವ ಮುಂಚೆ ಬಿಚ್ಚಿಬಿಡಿ, ಯಾರಿಗೂ ಗೊತ್ತಾಗಲ್ಲ ಅಂತ. ಕೇಳಿದರೆ ನೀನೂ ಏನೂ ಹಾಕಿಲ್ಲ ಅಂದುಬಿಡು. ನೀನು ಟೀಚರು, ನೀನು ಹೇಳಿದರೆ ನಂಬ್ತಾರೆ."

ನಾನು ಉತ್ತರ ಕೊಡಲಿಲ್ಲ. ಇಲ್ಲ ಎನ್ನಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು. ಮನಸ್ಸಿನಲ್ಲಿ ಲೆಕ್ಕ ನಡೆಯುತ್ತಿತ್ತು. ಜಾಮೀನು ನನ್ನದು. ಗಾಡಿ ನಿಂತರೆ ಕಂತು ನಿಲ್ಲುತ್ತದೆ, ಕಂತು ನಿಂತರೆ ಸಂಘದ ನೋಟೀಸು ನನ್ನ ಶಾಲೆಯ ವಿಳಾಸಕ್ಕೆ ಬರುತ್ತದೆ.

ಅಲ್ಲಿ ನಮ್ಮೆದುರು ಬಂದು ನಿಂತ ಸೂಪರ್‌ವೈಸರ್ ನನ್ನ ಹಳೆಯ ವಿದ್ಯಾರ್ಥಿ. 2008ರ ಎಸ್.ಎಸ್.ಎಲ್.ಸಿ. ಬ್ಯಾಚು. ಕುರ್ಚಿ ಒರೆಸಿ ಕೂರಿಸಿ, ಟೀ ತರಿಸಿದ. ಆಮೇಲೆ ಒಂದು ತಟ್ಟೆಯಲ್ಲಿ ಪಿಸ್ಟನ್ ತಂದು ತೋರಿಸಿದ. ಅದರ ತಲೆಯ ಅಂಚು ಬೆಲ್ಲದ ಅಚ್ಚು ಬಿಸಿಲಿಗೆ ಕರಗಿದಂತೆ ಕರಗಿ ತೂತಾಗಿತ್ತು. ಟರ್ಬೊದ ರೆಕ್ಕೆಗಳೂ ತಿಂದುಹೋಗಿದ್ದವು. "ಮೇಡಂ, ಈ ಕನೆಕ್ಟರನ್ನು ಯಾರೋ ಬಿಚ್ಚಿ ಹಾಕಿದ ಗುರುತಿದೆ. ಪಕ್ಕದಲ್ಲಿ ಟೈ ಕಟ್ಟಿದ ಗುರುತೂ ಇದೆ. ಎಂಜಿನ್ನಿಗೆ ಹೊರಗಿನಿಂದ ಏನಾದರೂ ಹಾಕಿಸಿದ್ರಾ?"

ಹುಡುಗ ನೆಲ ನೋಡುತ್ತಿದ್ದ. ಸೂಪರ್‌ವೈಸರ್ ನನ್ನ ಮುಖ ನೋಡುತ್ತಿದ್ದ. ಇವನ ಇತಿಹಾಸದ ನೋಟ್ಸಿಗೆ ಸಹಿ ಹಾಕಿದವಳು ನಾನು. ಪಕ್ಕದವನ ಉತ್ತರ ನೋಡಿ ಬರೆದದ್ದಕ್ಕೆ ಒಮ್ಮೆ ಬೆಂಚಿನ ಮೇಲೆ ನಿಲ್ಲಿಸಿದವಳೂ ನಾನೇ. "ಹಾಕಿಸಿದ್ದೆವಪ್ಪ. ದುಡ್ಡು ಕೊಟ್ಟವಳು ನಾನು" ಅಂದೆ.

ವಾರಂಟಿ ಹೋಯಿತು. ಬಿಲ್ಲು 1,38,000 ರೂಪಾಯಿ. ಗಾಡಿ ನಲವತ್ತೈದು ದಿನ ನಿಂತಿತು, ಎರಡು ಕಂತು ತಪ್ಪಿತು, ನೋಟೀಸು ಬಂತು. ಚೀಟಿ ಎತ್ತಿ ಅರ್ಧ ನಾನು ಕಟ್ಟಿದೆ. ತಂಗಿ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಳು. "ಒಂದು ಮಾತು ಇಲ್ಲ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?" ಎಂಬುದು ಅವಳ ಪ್ರಶ್ನೆ. ಈ ಬರಹ ಒಂದು ರೀತಿಯಲ್ಲಿ ಅವಳಿಗೆ ನನ್ನ ಉತ್ತರ.

ಆ ಡಬ್ಬಿ ಮಾಡುವ ಕೆಲಸವನ್ನು ನನ್ನ ವಿದ್ಯಾರ್ಥಿ ನನಗೆ ಪಾಠದಂತೆ ಹೇಳಿಕೊಟ್ಟ. ಆಮೇಲೆ ನಾನೂ ಓದಿದೆ. ತಿಳಿದಷ್ಟನ್ನು ಹೇಳುತ್ತೇನೆ.

ಈಗಿನ ಡೀಸೆಲ್ ಎಂಜಿನ್ನಿನಲ್ಲಿ ಎಲ್ಲ ಸಿಲಿಂಡರುಗಳಿಗೂ ಸೇರಿ ಒಂದೇ ಉಕ್ಕಿನ ಕೊಳವೆ ಇರುತ್ತದೆ. ಅದರ ಹೆಸರೇ ಕಾಮನ್ ರೇಲ್. ಕಾರುಗಳ ಮಟ್ಟಿಗೆ 1997ರಲ್ಲಿ ಇಟಲಿಯ ಒಂದು ಕಾರಿನಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ವಿಧಾನ ಈಗ ಎಲ್ಲ ಕಡೆಯೂ ಇದೆ. ಆ ಕೊಳವೆಯೊಳಗೆ ಡೀಸೆಲ್ಲನ್ನು 1600 ಬಾರ್, ಕೆಲವು ಎಂಜಿನ್ನುಗಳಲ್ಲಿ ಅದಕ್ಕೂ ಮೇಲಿನ ಒತ್ತಡಕ್ಕೆ ತುಂಬಿರುತ್ತಾರೆ. ಕಾರಿನ ಟಯರಿನಲ್ಲಿ ಇರುವ ಒತ್ತಡದ ಏಳು ನೂರು ಪಟ್ಟು ಎಂದರೆ ಅಂದಾಜು ಸಿಗುತ್ತದೆ. ಅಲ್ಲಿಂದ ಇಂಜೆಕ್ಟರಿನ ಕೂದಲೆಳೆಯಂಥ ರಂಧ್ರಗಳ ಮೂಲಕ ಡೀಸೆಲ್ ಮಂಜಿನಂತೆ ಸಿಲಿಂಡರಿಗೆ ಚಿಮ್ಮುತ್ತದೆ. ಎಷ್ಟು ಹೊತ್ತು ಚಿಮ್ಮಬೇಕು, ಯಾವ ಕ್ಷಣಕ್ಕೆ ಚಿಮ್ಮಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಗಾಡಿಯೊಳಗಿನ ಕಂಪ್ಯೂಟರು. ಅದು ಕುರುಡಾಗಿ ತೀರ್ಮಾನಿಸುವುದಿಲ್ಲ. ಒಳಗೆ ಬರುವ ಗಾಳಿ ಎಷ್ಟು, ಎಂಜಿನ್ನಿನ ಬಿಸಿ ಎಷ್ಟು, ಕೊಳವೆಯ ಒತ್ತಡ ಎಷ್ಟು ಎಂದು ಸೆನ್ಸರುಗಳನ್ನು ಕೇಳಿ ಕೇಳಿ ಲೆಕ್ಕ ಹಾಕುತ್ತದೆ.

ನಮ್ಮ ಡಬ್ಬಿಯನ್ನು ಕೂರಿಸುವುದು ಆ ಒತ್ತಡದ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ. ಸೆನ್ಸರು ನಿಜ ಹೇಳುತ್ತದೆ. ಡಬ್ಬಿ ಅದನ್ನು ಕೇಳಿಸಿಕೊಂಡು, ಕಡಿಮೆ ಮಾಡಿ, ಕಂಪ್ಯೂಟರಿಗೆ ಹೇಳುತ್ತದೆ. ಒತ್ತಡ ಸಾಲದು ಎಂದು ನಂಬಿದ ಕಂಪ್ಯೂಟರು ಇನ್ನಷ್ಟು ಏರಿಸುತ್ತದೆ. ಅದೇ ರಂಧ್ರ, ಅಷ್ಟೇ ಹೊತ್ತು, ಆದರೆ ಒತ್ತಡ ಹೆಚ್ಚಾದ್ದರಿಂದ ಒಳಗೆ ಹೋಗುವ ಡೀಸೆಲ್ ಹೆಚ್ಚು. ಇಷ್ಟೇ ಅದರ ಮಾಯೆ. ಮನೆಯಲ್ಲಿ ಅಮ್ಮ ಹೊಟ್ಟೆ ತುಂಬ ತಿನ್ನಿಸಿ ಕಳಿಸಿದ ಮಗು ಪಕ್ಕದ ಬೀದಿಯ ಅಜ್ಜಿಯ ಮನೆಗೆ ಹೋಗಿ "ಅಮ್ಮ ಏನೂ ಕೊಟ್ಟಿಲ್ಲ" ಎಂದು ಹೇಳಿ ಮತ್ತೆ ನಾಲ್ಕು ಒಬ್ಬಟ್ಟು ತಿನ್ನುವುದಿಲ್ಲವೆ? ಹಾಗೆ. ಅಜ್ಜಿಯ ತಪ್ಪಿಲ್ಲ, ಅವಳು ಪ್ರೀತಿಯಿಂದಲೇ ಬಡಿಸಿದಳು. ರಾತ್ರಿ ಹೊಟ್ಟೆ ನೋಯುವುದು ಮಾತ್ರ ಮಗುವಿಗೆ.

ಡ್ಯಾಶ್‌ಬೋರ್ಡಿನ ಇಪ್ಪತ್ತರ ಗುಟ್ಟೂ ಇದೇ. ಎಷ್ಟು ಡೀಸೆಲ್ ಕೊಟ್ಟೆ ಎಂದು ಕಂಪ್ಯೂಟರು ಲೆಕ್ಕ ಹಾಕುವುದು ತಾನು ನಂಬಿದ ಒತ್ತಡದ ಮೇಲೆ. ನಂಬಿಕೆಯೇ ಸುಳ್ಳಾದ ಮೇಲೆ ಮೈಲೇಜೂ ಸುಳ್ಳು.

ಡೀಸೆಲ್ ಹೆಚ್ಚು ಹೋದರೆ ಶಕ್ತಿ ಹೆಚ್ಚು ಬರುತ್ತದೆ, ನಿಜ. ಘಾಟಿಯಲ್ಲಿ ನನ್ನ ಬೆನ್ನಿಗೆ ಅಂಟಿದ ಸೀಟು ಸುಳ್ಳಲ್ಲ. ಆದರೆ ಉರಿಯುವುದಕ್ಕೆ ಗಾಳಿ ಬೇಕು. ಡೀಸೆಲ್ ಎಂಜಿನ್ನು ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಉರಿದರೆ ಮಾತ್ರ ಸ್ವಚ್ಛವಾಗಿ, ಅಳತೆಯ ಬಿಸಿಯಲ್ಲಿ ಉರಿಯುವಂಥದು. ಗಾಳಿಯನ್ನು ಅಷ್ಟೇ ಇಟ್ಟು ಎಣ್ಣೆಯನ್ನು ಹೆಚ್ಚಿಸಿದರೆ ಸೌದೆ ಒಲೆಗೆ ಹಸಿ ಕಟ್ಟಿಗೆ ತುರುಕಿದ ಹಾಗೆ ಕರಿ ಹೊಗೆ. ಜೊತೆಗೆ ಬಿಸಿ. ಪಿಸ್ಟನ್ ಮಾಡುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ. ಅದು ಸುಮಾರು 580 ಡಿಗ್ರಿಗೆ ಕರಗತೊಡಗುತ್ತದೆ. ಅದರ ತಲೆಯ ಮೇಲೆ ಉರಿಯುವ ಬೆಂಕಿಯಾದರೋ ಅದಕ್ಕಿಂತ ಬಹಳ ಬಿಸಿ. ಆದರೂ ಪಿಸ್ಟನ್ ಉಳಿಯುವುದು ಆ ಬೆಂಕಿ ಕ್ಷಣ ಮಾತ್ರದ್ದಾದ್ದರಿಂದ ಮತ್ತು ಕೆಳಗಿನಿಂದ ಆಯಿಲ್ ಚಿಮ್ಮಿ ತಂಪು ಮಾಡುವುದರಿಂದ. ಆ ಅಂತರವನ್ನು ಎಂಜಿನ್ನು ಮಾಡಿದವರು ಲೆಕ್ಕ ಹಾಕಿ ಇಟ್ಟಿರುತ್ತಾರೆ. ನಾವು ಅದನ್ನೇ 'ಕಂಪನಿ ಬಚ್ಚಿಟ್ಟ ಪವರ್' ಎಂದು ಕರೆದು ಖರ್ಚು ಮಾಡುತ್ತೇವೆ. ಹೊಗೆಯ ಬಿಸಿಯಲ್ಲೇ ತಿರುಗುವ ಟರ್ಬೊ ಸಣ್ಣ ಕಾರುಗಳಲ್ಲಿ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಹತ್ತಿರ ಹೋಗುತ್ತದೆ. ಅದರ ಮೇಲೂ ಹೊರೆ. ಹೆಚ್ಚಿದ ಎಳೆತವನ್ನು ಹೊರಬೇಕಾದ ಕ್ಲಚ್ಚು, ಗೇರ್‌ಬಾಕ್ಸುಗಳ ಮೇಲೂ ಹೊರೆ. ಯಾವುದೂ ಮೊದಲ ದಿನ ಮುರಿಯುವುದಿಲ್ಲ. ಅದಕ್ಕೇ ನಾವು ನಂಬುತ್ತೇವೆ.

ಅಪಾಯ ಬಂದಾಗ ಎಂಜಿನ್ನನ್ನು ಕಾಯಬೇಕಾದದ್ದು ಅದೇ ಕಂಪ್ಯೂಟರು. ಇಷ್ಟು ಗಾಳಿಗೆ ಇಷ್ಟೇ ಡೀಸೆಲ್, ಇದಕ್ಕಿಂತ ಹೆಚ್ಚಾದರೆ ಕಡಿತ ಮಾಡು ಎಂಬ ನಿಯಮಗಳು ಅದರೊಳಗೆ ಬರೆದಿರುತ್ತವೆ. ಕಾವಲುಗಾರನಿಗೇ ಕಣ್ಣು ಕಟ್ಟಿ ನಾವು ಮನೆಯಲ್ಲಿ ನೆಮ್ಮದಿಯಾಗಿ ಮಲಗುತ್ತೇವೆ.

ಸ್ಟ್ಯಾಂಡಿನ ಹುಡುಗರ ವಾದಗಳನ್ನು ನಾನು ಕೇಳಿದ್ದೇನೆ. ಮೊದಲನೆಯದು: "ಒಂದೇ ಎಂಜಿನ್ನನ್ನು ಕಂಪನಿಯವರೇ ಒಂದು ಕಾರಿನಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಪವರಿಗೆ ಮಾರುತ್ತಾರೆ. ನಾವು ಮಾಡಿದರೆ ತಪ್ಪೇ?" ಮೇಲುನೋಟಕ್ಕೆ ಸರಿ ಎನಿಸುತ್ತದೆ. ನಮ್ಮ ದೇಶದಲ್ಲಿ ಹತ್ತಾರು ಕಾರುಗಳಲ್ಲಿ ಓಡಿ 'ರಾಷ್ಟ್ರೀಯ ಎಂಜಿನ್' ಎಂದೇ ಅಡ್ಡಹೆಸರು ಪಡೆದ ಫಿಯಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ನು 75 ಅಶ್ವಶಕ್ತಿಯಲ್ಲೂ ಬಂತು, 90ರಲ್ಲೂ ಬಂತು. ಆದರೆ 90ರದಕ್ಕೆ ಬೇರೆ ಬಗೆಯ, ರೆಕ್ಕೆಯ ಕೋನ ಬದಲಾಗುವ ಟರ್ಬೊ ಹಾಕಿದ್ದರು. ಎಣ್ಣೆ ಹೆಚ್ಚಿಸುವ ಮೊದಲು ಗಾಳಿಯ ವ್ಯವಸ್ಥೆ ಮಾಡಿದ್ದರು. ಪರೀಕ್ಷೆ ಮಾಡಿಸಿ, ಸರ್ಕಾರದ ಮಂಜೂರಾತಿ ಪಡೆದು, ವಾರಂಟಿ ಕೊಟ್ಟು ಮಾರಿದ್ದರು. ಹನ್ನೆರಡು ಸಾವಿರದ ಡಬ್ಬಿಯ ಜೊತೆಗೆ ಬಂದದ್ದು ಒಂದು ಸ್ಟಿಕ್ಕರು ಮಾತ್ರ.

ಎರಡನೆಯದು: "ಡಬ್ಬಿ ಕಳಪೆ ಇರಬಹುದು, ಕಂಪ್ಯೂಟರನ್ನೇ ರೀಮ್ಯಾಪ್ ಮಾಡಿಸಿದರೆ ಏನೂ ಆಗಲ್ಲ." ತಿಳಿದವರು ಕೂತು, ಹೊಗೆಯ ಬಿಸಿ ಅಳೆದು, ಬೇಕಾದ ಭಾಗಗಳನ್ನೂ ಬದಲಿಸಿ ಮಾಡುವ ಕೆಲಸಕ್ಕೂ ಈ ಡಬ್ಬಿಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ರೇಸಿನ ಟ್ರ್ಯಾಕಿನಲ್ಲಿ ಓಡಿಸುವವರು ಎಂಜಿನ್ನು ಸುಟ್ಟುಕೊಂಡರೆ ಅದು ಅವರ ಇಷ್ಟ. ಆದರೆ ಹಳದಿ ಬೋರ್ಡಿನ ಗಾಡಿಗೆ ಗಂಟೆಗೆ 80 ಕಿಲೋಮೀಟರ್ ದಾಟದಂತೆ ಸ್ಪೀಡ್ ಗವರ್ನರ್ ಹಾಕಿಸಬೇಕೆಂದು ಕಾನೂನಿದೆ. ಒಂದು ಕಡೆ ದುಡ್ಡು ಕೊಟ್ಟು ಕಡಿವಾಣ, ಇನ್ನೊಂದು ಕಡೆ ದುಡ್ಡು ಕೊಟ್ಟು ಚಾಟಿ. ಕುದುರೆಗೆ ಬುದ್ಧಿ ಕೆಡದೆ ಇರುತ್ತದೆಯೇ?

ಮೂರನೆಯ ವಾದ ನಿಜವಾಗಿಯೂ ನೋವಿನದು. "ದೊಡ್ಡಮ್ಮ, ಡೀಸೆಲ್ ರೇಟು ನೋಡು, ಟೋಲು ನೋಡು, ಕಂತು ನೋಡು. ದಿನಕ್ಕೆ ಒಂದು ಟ್ರಿಪ್ ಹೆಚ್ಚು ಮಾಡಿದರೆ ತಾನೇ ಬದುಕೋದು?" ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ತಿಂಗಳ ಸಂಬಳ ಎಣಿಸುವ ನಾನು ಬಾಡಿಗೆ ಹುಡುಗರಿಗೆ ಉಪದೇಶ ಮಾಡುವುದು ಸುಲಭ. ಆದರೆ ಇಷ್ಟು ಹೇಳಬಲ್ಲೆ: ಅವರ ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡು, ಸಿಗದ ಮೈಲೇಜನ್ನು ಮಾರಿದವನು ಅವರ ಬಂಧುವಲ್ಲ. ಎಂಜಿನ್ನು ಸುಟ್ಟಾಗ ಹುಡುಗ ಅವನಿಗೆ ಫೋನು ಮಾಡಿದ. "ನಮ್ಮದರಿಂದ ಆಗಿರಲ್ಲ ಬ್ರದರ್, ಡೀಸೆಲ್ ಕಲಬೆರಕೆ ಇರಬೇಕು" ಎಂಬ ಉತ್ತರ ಬಂತು. ಮತ್ತೆ ಬಂಕಿನವರ ಮೇಲೆಯೇ.

ನನ್ನ ಗಾಡಿ, ನನ್ನ ಎಂಜಿನ್ನು, ಸುಟ್ಟರೆ ನನ್ನದು ಎನ್ನುವವರಿಗೆ ಒಂದು ಮಾತು. ಸುಡುವುದು ನಿಮ್ಮದು ಮಾತ್ರವಲ್ಲ. ಎರಡು ವರ್ಷ ಹೀಗೆ ಓಡಿಸಿ, ಡಬ್ಬಿ ಬಿಚ್ಚಿಕೊಂಡು ಗಾಡಿ ಮಾರುತ್ತೀರಿ. ಆರ್.ಸಿ.ಯಲ್ಲಿ ಅದರ ಸುಳಿವಿಲ್ಲ. ಸಾಲ ಮಾಡಿ ಅದನ್ನು ಕೊಳ್ಳುವವನು ನಿಮ್ಮಂಥದೇ ಇನ್ನೊಬ್ಬ ಹುಡುಗ. ನೀವು ಖರ್ಚು ಮಾಡಿದ ಆಯಸ್ಸಿಗೆ ಅವನು ಬಿಲ್ಲು ಕಟ್ಟುತ್ತಾನೆ.

ಇನ್ನು ಹೊಗೆ. ಸಂಜೆ ಶಾಲೆ ಬಿಡುವಾಗ ಗೇಟಿನಲ್ಲಿ ನಿಲ್ಲುವ ಡ್ಯೂಟಿ ನನಗೆ ಆಗಾಗ ಬರುತ್ತದೆ. ಪಕ್ಕದಲ್ಲೇ ಪ್ರಾಥಮಿಕ ಶಾಲೆ. ಉಬ್ಬು ದಾಟಿದ ಕೂಡಲೇ ಜೀಪೋ ಪಿಕಪ್ಪೋ ಭರ್ರೆಂದು ಕರಿ ಹೊಗೆ ಬಿಟ್ಟು ಹೋಗುತ್ತದೆ. ಕೆಲವು ಹುಡುಗರು ಬೇಕೆಂದೇ ಬಿಡುತ್ತಾರೆ, ಅದೊಂದು ಶೋಕಿ. ಒಂದನೆಯ ತರಗತಿಯ ಮಗುವಿನ ಮೂಗು ನಮ್ಮ ನಿಮ್ಮ ಮೂಗಿಗಿಂತ ಸೈಲೆನ್ಸರಿಗೆ ಹತ್ತಿರ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿಯೇ ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದೆ. ಕಣ್ಣಿಗೆ ಕಾಣುವ ಮಸಿಯಷ್ಟೇ ಅಲ್ಲ, ಸಿಲಿಂಡರಿನ ಬಿಸಿ ಏರಿದಂತೆ ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳೂ ಏರುತ್ತವೆ. ಅವು ಶ್ವಾಸಕೋಶಕ್ಕೆ ಮಾರಕ.

ಎಮಿಷನ್ ಟೆಸ್ಟ್ ಇದೆಯಲ್ಲ ಎನ್ನಬಹುದು. ಆ ಟೆಸ್ಟಿನಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟ ಎಂಬುದನ್ನು ಮಾತ್ರ ನೋಡುತ್ತಾರೆ, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಅಳೆಯುವ ಹೊಗೆಗಾದರೂ ಹುಡುಗರು ಹೆದರಬೇಕಾಗಿಲ್ಲ. ಟೆಸ್ಟಿಗೆ ಹೋಗುವ ಮುಂಚೆ ಡಬ್ಬಿ ಬಿಚ್ಚಲು ಹತ್ತು ನಿಮಿಷ, ಬಂದ ಮೇಲೆ ಹಾಕಲು ಹತ್ತು ನಿಮಿಷ. ನನ್ನ ತಂಗಿಯ ಮಗನೂ ಹಾಗೆಯೇ ಮಾಡಿದ್ದ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಬಿ.ಎಸ್.-6 ನಿಯಮ ಬಂದು, ಡೀಸೆಲ್ ಕಾರುಗಳಿಗೆ ಮಸಿ ಹಿಡಿದಿಡುವ ಫಿಲ್ಟರು ಬಂದಿದೆ. ಅದು ಕಟ್ಟಿಕೊಂಡರೆ ತೊಂದರೆ ಎಂದು ಫಿಲ್ಟರನ್ನೇ ಕಿತ್ತೆಸೆದು, ಅದು ಇದೆ ಎಂದು ಕಂಪ್ಯೂಟರನ್ನು ನಂಬಿಸುವ ಚಾಲಾಕಿತನವೂ ಹಿಂದೆಯೇ ಬಂದಿದೆ. ಸುಳ್ಳಿಗೆ ಬೇಗ ಮಕ್ಕಳಾಗುತ್ತವೆ.

ಕಾನೂನು ಇಲ್ಲದಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಮೊಕದ್ದಮೆಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯಿದೆಯ ಪ್ರಕಾರ ಇಂಥ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಮನೆ, ಅಥವಾ ಎರಡೂ. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ನಾಳೆ ಕ್ಲೇಮು ತಿರಸ್ಕರಿಸಲು ಅವರಿಗೆ ಸಿಗುವ ಕಾರಣ. ಆದರೆ ರಸ್ತೆಯಲ್ಲಿ ನಿಲ್ಲಿಸಿದ ಪೊಲೀಸಿನವರು ಹೆಲ್ಮೆಟ್ಟು, ಸೀಟ್‌ಬೆಲ್ಟು ನೋಡುತ್ತಾರೆ. ಬೋನೆಟ್ಟು ಎತ್ತಿ ನೋಡಿದವರನ್ನು ನಾನು ಕಂಡಿಲ್ಲ. ಡಬ್ಬಿ ಮಾರುವವನು ರಾಜಾರೋಷವಾಗಿ ಮಾರುತ್ತಾನೆ. ಸಿಕ್ಕಿಬಿದ್ದರೆ ದಂಡ ಕಟ್ಟುವವನು ಹಾಕಿಸಿಕೊಂಡ ಹುಡುಗ.

ಇಂಥ ಸುಳ್ಳು ನಮ್ಮ ಹುಡುಗರು ಕಂಡುಹಿಡಿದದ್ದೇನೂ ಅಲ್ಲ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಇಲಾಖೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಗುಟ್ಟನ್ನು ಬಯಲು ಮಾಡಿತು. ಅವರ ಡೀಸೆಲ್ ಕಾರುಗಳ ಕಂಪ್ಯೂಟರಿನಲ್ಲಿ, ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ತಿಳಿದ ಕೂಡಲೇ ಸಾಧುವಾಗಿ, ರಸ್ತೆಗೆ ಇಳಿದ ಮೇಲೆ ಮೊದಲಿನಂತಾಗುವ ತಂತ್ರವನ್ನು ಬರೆದಿಟ್ಟಿದ್ದರು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡು ಅಲ್ಲಿನ ಮಿತಿಯ ನಲವತ್ತು ಪಟ್ಟಿನವರೆಗೂ ಇತ್ತು. ಜಗತ್ತಿನಾದ್ಯಂತ ಸುಮಾರು ಒಂದು ಕೋಟಿ ಹತ್ತು ಲಕ್ಷ ಕಾರುಗಳು. ನಮ್ಮ ದೇಶದಲ್ಲೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ಸು ಕರೆಸಿ ಸರಿಪಡಿಸುವುದಾಗಿ ಕಂಪನಿ ಆ ಡಿಸೆಂಬರಿನಲ್ಲಿ ಹೇಳಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚಿನಲ್ಲಿ 500 ಕೋಟಿ ರೂಪಾಯಿ ದಂಡ ಹಾಕಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟದ್ದು ಬೇರೆ ಮಾತು. ಆ ಸುದ್ದಿಯನ್ನು ಓದಿ ನಾವೆಲ್ಲ "ನೋಡಿ, ಎಂಥ ಮೋಸ!" ಎಂದು ಬೈದೆವು. ಅದೇ ಮಾರ್ಚಿನಲ್ಲಿ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದ ಕಾರಿನ ಬೋನೆಟ್ಟಿನ ಕೆಳಗೆ ಅದರದೇ ಚಿಕ್ಕ ತಮ್ಮನಿದ್ದ. ದೊಡ್ಡವರು ಮಾಡಿದರೆ ಹಗರಣ, ನಾವು ಮಾಡಿದರೆ ಟ್ಯೂನಿಂಗ್.

ತಂಗಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ಒಂದು ಮಾತು ಇಲ್ಲ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಲೆಕ್ಕ ಹಾಕಿ ನೋಡಿ. ಡಬ್ಬಿ ಕಂಪ್ಯೂಟರಿಗೆ ಸುಳ್ಳು ಹೇಳಿತು. ಕಂಪ್ಯೂಟರು ಡ್ಯಾಶ್‌ಬೋರ್ಡಿಗೆ, ಡ್ಯಾಶ್‌ಬೋರ್ಡು ಹುಡುಗನಿಗೆ, ಹುಡುಗ ಎಮಿಷನ್ ಟೆಸ್ಟಿನವರಿಗೆ. ಮುಂದಿನ ಸರದಿ ನನ್ನದು. ನಾನು ನನ್ನ ವಿದ್ಯಾರ್ಥಿಗೆ ಹೇಳಿದ್ದರೆ ಅವನು ಸಹಿ ಹಾಕಿ ಕಂಪನಿಗೆ ಹೇಳುತ್ತಿದ್ದ. ನಾಳೆ ಅದು ಬಯಲಾಗಿದ್ದರೆ ಕೆಲಸ ಹೋಗುತ್ತಿದ್ದದ್ದು ಅವನದು. ಈ ಸಾಲಿನಲ್ಲಿ ಎಲ್ಲೋ ಒಂದು ಕಡೆ ಒಬ್ಬರು ನಿಲ್ಲಿಸಲೇಬೇಕು. ದುಡ್ಡು ಕೊಟ್ಟು ಶುರು ಮಾಡಿದವಳೇ ನಿಲ್ಲಿಸುವುದು ನ್ಯಾಯ.

ತಂದೆ ತಾಯಿಯರಿಗೆ, ಜಾಮೀನು ಹಾಕುವ ನನ್ನಂಥ ದೊಡ್ಡಮ್ಮಂದಿರಿಗೆ ಇಷ್ಟು ಹೇಳುತ್ತೇನೆ. ಹುಡುಗ ಗಾಡಿಗೆ ದುಡ್ಡು ಕೇಳಿದರೆ ಟಯರಿಗೆ ಕೊಡಿ, ಬ್ರೇಕಿಗೆ ಕೊಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಲು ಕೊಡಿ. ಮೈಲೇಜು ಬೇಕೆಂದರೆ ಟಯರಿನ ಗಾಳಿ ಸರಿಯಾಗಿಡಲು, ಏರ್ ಫಿಲ್ಟರ್ ಬದಲಿಸಲು, ಹದವಾಗಿ ಓಡಿಸಲು ಹೇಳಿ. ಹಳೆಯ ಗಾಡಿ ಕೊಳ್ಳುವುದಾದರೆ ಬೋನೆಟ್ಟು ಎತ್ತಿಸಿ ನೋಡಿ, ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಸಾರಿಗೆ ಇಲಾಖೆಯವರು ದಂಡದ ಪುಸ್ತಕವನ್ನು ಹುಡುಗರ ಮುಂದೆ ಬಿಚ್ಚುವ ಮೊದಲು ಈ ಡಬ್ಬಿ ಮಾರುವ ಅಂಗಡಿಗಳ ಮುಂದೆ ಬಿಚ್ಚಲಿ. ಎಫ್.ಸಿ. ಮಾಡುವಾಗ ಒಂದು ಸಲ ಆ ಕನೆಕ್ಟರಿನ ಕಡೆಗೂ ಕಣ್ಣು ಹಾಯಿಸಲಿ. ನನ್ನ ವಿದ್ಯಾರ್ಥಿಗೆ ಎರಡು ನಿಮಿಷದಲ್ಲಿ ಕಂಡದ್ದು ಅವರಿಗೆ ಕಾಣದೆ ಹೋಗುವುದಿಲ್ಲ.

ಹುಡುಗ 2023ರಲ್ಲಿ ಸಾಲ ತೀರಿಸಿದ. ಅದೇ ಕಾರು, ಹೊಸ ಪಿಸ್ಟನ್ನು, ಹೊಸ ಟರ್ಬೊ, ಘಾಟಿಯಲ್ಲಿ ಮೊದಲಿನಂತೆ ಅರಚಿಕೊಂಡೇ ಹತ್ತುತ್ತದೆ. ಟ್ಯಾಂಕರಿನ ಹಿಂದೆ ತಾಳ್ಮೆಯಿಂದ ಹೋಗುವುದನ್ನು ಕಲಿತಿದ್ದಾನೆ. ತಂಗಿಯೂ ಮಾತಾಡುತ್ತಾಳೆ, ಆ ವಿಷಯವೊಂದನ್ನು ಬಿಟ್ಟು. ಡಬ್ಬಿಯನ್ನು ಯಾರಿಗಾದರೂ ಮಾರಿಬಿಡುತ್ತೇನೆ, ನಾಲ್ಕು ಸಾವಿರವಾದರೂ ಬರುತ್ತದೆ ಎಂದು ಅವನು ಅಂದಾಗ ನಾನೇ ಕಿತ್ತುಕೊಂಡೆ. ಅದು ಈಗ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಬಳಕೆದಾರರ ಹಕ್ಕುಗಳ ಪಾಠ ಬಂದಾಗ ತೆಗೆದುಕೊಂಡು ಹೋಗಿ ಹತ್ತನೆಯ ತರಗತಿಯ ಮಕ್ಕಳ ಕೈಗೆ ಕೊಡುತ್ತೇನೆ. ತಿರುಗಿಸಿ ಮುರುಗಿಸಿ ನೋಡುತ್ತಾರೆ. "ಇದು ಏನು ಮಾಡುತ್ತೆ ಮಿಸ್?" ಎಂದು ಕೇಳುತ್ತಾರೆ.

"ಸುಳ್ಳು ಹೇಳುತ್ತೆ ಕಣ್ರೋ" ಎಂದು ಪಾಠ ಶುರು ಮಾಡುತ್ತೇನೆ.